ರೂಟರ್ ಬಿಟ್ಟು ನೇರವಾಗಿ ಕಂಪ್ಯೂಟರ್‌ಗೆ ಕೇಬಲ್ ಹಾಕಬಹುದೇ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮನೆಯಿಂದಲೇ ಕೆಲಸ ಮಾಡುತ್ತೇನೆ. ಊರಿನ ಕೇಬಲ್‌ನವರ ಫೈಬರ್ ಕನೆಕ್ಷನ್ ಇದೆ, 150 ಎಂಬಿಪಿಎಸ್ ಪ್ಲಾನ್. ಅಟ್ಟದಲ್ಲಿ ಫೈಬರ್ ಬಂದು ಸೇರುವ ಪುಟ್ಟ ಬಿಳಿ ಪೆಟ್ಟಿಗೆ ಇದೆ, ಅದನ್ನೇ ನಾವು ಮೋಡೆಮ್ ಎನ್ನುತ್ತೇವೆ. ಅಲ್ಲಿಂದ ಹೊರಗೋಡೆಯ ಮೇಲೆ ಹಾದು ಬರುವ ಕೇಬಲ್ ನನ್ನ ಕೋಣೆಯ ರೂಟರ್‌ಗೆ ಸೇರುತ್ತದೆ. ರೂಟರ್‌ನಿಂದ ಇನ್ನೊಂದು ಕೇಬಲ್ ಕಂಪ್ಯೂಟರ್‌ಗೆ. ಅದರಲ್ಲಿ ವಿಂಡೋಸ್ 10 ಇದೆ. ಸ್ಪೀಡ್ ಟೆಸ್ಟ್ ಮಾಡಿದರೆ ಕಂಪ್ಯೂಟರ್‌ನಲ್ಲಿ 92ರ ಆಸುಪಾಸು, ಮೊಬೈಲ್ ವೈಫೈನಲ್ಲಿ 35–40. ದೂರು ಕೊಟ್ಟಾಗ 'ರೂಟರ್ ತೆಗೆದು ನೇರವಾಗಿ ಕಂಪ್ಯೂಟರ್‌ಗೆ ಹಾಕಿ ನೋಡಿ' ಎಂದರು. ಹಾಕಿದೆ, ಇಂಟರ್ನೆಟ್ ಬರಲೇ ಇಲ್ಲ. ಐಪಿ ವಿಳಾಸ 169.254 ಎಂದು ಶುರುವಾಗಿತ್ತು. ಗಾಬರಿಯಾಗಿ ಕೇಬಲನ್ನು ಮತ್ತೆ ರೂಟರ್‌ಗೆ ಹಾಕಿದರೆ ಅರ್ಧ ಗಂಟೆ ಅದರಲ್ಲೂ ಬರಲಿಲ್ಲ. ಆಮೇಲೆ ತಾನಾಗಿಯೇ ಬಂತು. ಪಕ್ಕದ ಮನೆಯವರು 'ನೇರ ಹಾಕಿದರೆ ಹ್ಯಾಕರ್‌ಗಳು ಒಳಗೆ ಬರುತ್ತಾರೆ' ಎನ್ನುತ್ತಾರೆ. ಲೈನ್ ನೋಡಲು ಬಂದವರು 'ರೂಟರ್ ಅರ್ಧ ಸ್ಪೀಡ್ ತಿನ್ನುತ್ತೆ' ಎಂದರು. ನನ್ನ ಭಾವ 'ಪದೇ ಪದೇ ಬದಲಿಸಿದರೆ ಮೋಡೆಮ್ ಲಾಕ್ ಆಗುತ್ತೆ, ಪೋರ್ಟ್ ಹಾಳಾಗುತ್ತೆ' ಎಂದು ಹೆದರಿಸಿದ್ದಾರೆ. ಇದರಲ್ಲಿ ಯಾವುದು ನಿಜ? ಬೇಕಾದಾಗ ರೂಟರ್, ಬೇಕಾದಾಗ ನೇರ ಎಂದು ಬದಲಿಸಿಕೊಳ್ಳಬಹುದೇ?

ಉತ್ತರ: ನೀವು ಏನನ್ನೂ ಕೆಡಿಸಿಲ್ಲ. ಕೇಬಲನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಾಕಿದ್ದಕ್ಕೆ ಮೋಡೆಮ್ ಸುಡುವುದಿಲ್ಲ, ಕನೆಕ್ಷನ್ ರದ್ದಾಗುವುದಿಲ್ಲ. ನಾನು ಈ ಕೆಲಸಕ್ಕೆ ಇಳಿದದ್ದು ಒಂದು ಸಣ್ಣ ಊರಿನ ಇಂಟರ್ನೆಟ್ ಆಪರೇಟರ್ ಹತ್ತಿರ, ಕಂಬ ಹತ್ತಿ ಕೇಬಲ್ ಎಳೆಯುವ ಹುಡುಗನಾಗಿ. ಈಗ ಶಿವಮೊಗ್ಗದಲ್ಲಿ ನೆಟ್‌ವರ್ಕ್ ರಿಪೇರಿ ಮಾಡುತ್ತೇನೆ. ನಿಮಗೆ ಆದದ್ದು ವಾರಕ್ಕೊಬ್ಬರಿಗಾದರೂ ಆಗುತ್ತದೆ. ಒಳ್ಳೆಯದೆಂದರೆ ನೀವು ಮೂರು ಸಂಗತಿಗಳನ್ನು ಗಮನಿಸಿ ಬರೆದಿದ್ದೀರಿ: 169.254, ಆ ಅರ್ಧ ಗಂಟೆ, ಮತ್ತು 92. ಈ ಮೂರರಲ್ಲೇ ಮುಕ್ಕಾಲು ಉತ್ತರ ಇದೆ.

169.254ರಿಂದ ಶುರು ಮಾಡೋಣ. ಕಂಪ್ಯೂಟರ್‌ಗೆ ಕೇಬಲ್ ಹಾಕಿದ ಕೂಡಲೇ ಅದು 'ನನಗೊಂದು ವಿಳಾಸ ಕೊಡಿ' ಎಂದು ಕೂಗುತ್ತದೆ. ಆ ಕಡೆಯಿಂದ ಯಾರೂ ಓಗೊಡದಿದ್ದರೆ ತಾನೇ ಒಂದು ತಾತ್ಕಾಲಿಕ ವಿಳಾಸ ಹಾಕಿಕೊಂಡು ಸುಮ್ಮನಾಗುತ್ತದೆ. ಅದು ಯಾವಾಗಲೂ 169.254 ಎಂದೇ ಶುರುವಾಗುತ್ತದೆ. ಅಂದರೆ ಕೇಬಲ್ ಕೂಡಿಕೊಂಡಿದೆ, ಆದರೆ ಯಾರೂ ಉತ್ತರ ಕೊಟ್ಟಿಲ್ಲ.

ಉತ್ತರ ಏಕೆ ಬರಲಿಲ್ಲ? ನಿಮ್ಮ ಆಪರೇಟರ್ ಪಿಪಿಪಿಒಇ ಎಂಬ ಪದ್ಧತಿ ಬಳಸುತ್ತಿರಬೇಕು. 1999ರಿಂದ ಬಳಕೆಯಲ್ಲಿರುವ ಪದ್ಧತಿ ಇದು. ಹಳೆಯ ಡಯಲ್-ಅಪ್ ನೆನಪಿದೆಯಲ್ಲ? ಅದರ ಹಾಗೆಯೇ ಇಲ್ಲೂ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದರೆ ಮಾತ್ರ ಬಾಗಿಲು ತೆರೆಯುತ್ತದೆ. ಕನೆಕ್ಷನ್ ಕೊಟ್ಟ ದಿನ ಬಂದ ಹುಡುಗ ಅದನ್ನು ನಿಮ್ಮ ರೂಟರ್‌ನಲ್ಲಿ ತುಂಬಿಸಿ ಹೋಗಿರುತ್ತಾನೆ. ಅಂದಿನಿಂದ ರೂಟರ್ ನಿಮಗೆ ಗೊತ್ತಾಗದಂತೆ ದಿನಾ ಲಾಗಿನ್ ಆಗುತ್ತಿದೆ. ಅಟ್ಟದ ಬಿಳಿ ಪೆಟ್ಟಿಗೆಯ ಸರಿಯಾದ ಹೆಸರು ಓಎನ್‌ಟಿ. ಫೈಬರ್‌ನಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತ ಮಾಡಿ ಕೇಬಲ್‌ಗೆ ದಾಟಿಸುವುದಷ್ಟೇ ನಿಮ್ಮ ಮನೆಯಲ್ಲಿ ಅದರ ಕೆಲಸ. ಇದಕ್ಕೆ ಬ್ರಿಡ್ಜ್ ಮೋಡ್ ಎನ್ನುತ್ತೇವೆ. ನೀವು ಅದಕ್ಕೆ ಕಂಪ್ಯೂಟರ್ ಸಿಕ್ಕಿಸಿದಾಗ ಕಂಪ್ಯೂಟರ್‌ಗೆ ಲಾಗಿನ್ ಆಗಬೇಕೆಂದೇ ಗೊತ್ತಿರಲಿಲ್ಲ. 'ನೇರ ಹಾಕಿ ನೋಡಿ' ಎಂದವರು ಇಷ್ಟನ್ನು ಹೇಳಬೇಕಿತ್ತು.

ಇನ್ನು ಆ ಅರ್ಧ ಗಂಟೆ. ಒಂದು ಅಕೌಂಟಿಗೆ ಒಂದೇ ಲಾಗಿನ್ ಎಂದು ಹೆಚ್ಚಿನ ಆಪರೇಟರ್‌ಗಳು ಮಿತಿ ಹಾಕಿರುತ್ತಾರೆ. ನೀವು ರೂಟರ್‌ನಿಂದ ಕೇಬಲ್ ಎಳೆದಾಗ ಅದಕ್ಕೆ 'ನಾನು ಹೊರಟೆ' ಎಂದು ಹೇಳಲು ಅವಕಾಶವೇ ಸಿಗಲಿಲ್ಲ. ಆಪರೇಟರ್ ಕಡೆಯ ಸರ್ವರ್ ಲೆಕ್ಕದಲ್ಲಿ ನಿಮ್ಮ ರೂಟರ್ ಇನ್ನೂ ಒಳಗೇ ಕೂತಿತ್ತು. ಮತ್ತೆ ಕೇಬಲ್ ಹಾಕಿ ಲಾಗಿನ್‌ಗೆ ಹೋದಾಗ 'ಈ ಹೆಸರಿನವರು ಆಗಲೇ ಒಳಗಿದ್ದಾರೆ' ಎಂದು ತಳ್ಳಿತು. ಹಳೆಯ ಲಾಗಿನ್ ಸತ್ತಿದೆ ಎಂದು ಸರ್ವರ್‌ಗೆ ತಿಳಿಯಲು ಕೆಲವು ಕಡೆ ಒಂದೆರಡು ನಿಮಿಷ ಸಾಕು, ಕೆಲವು ಕಡೆ ಅರ್ಧ ಗಂಟೆಯೂ ಬೇಕು. ನಿಮ್ಮದು ಎರಡನೆಯದು. ಕಂಪ್ಯೂಟರ್‌ನಿಂದ ಇದೇ ರೀತಿ ಲಾಗಿನ್ ಆಗಲು ಹೋದರೆ ವಿಂಡೋಸ್ 691 ಎಂಬ ಎರರ್ ತೋರಿಸುತ್ತದೆ. ಅದು ಪಾಸ್‌ವರ್ಡ್ ತಪ್ಪು ಎಂದು ಹೇಳುತ್ತದೆ, ಜನ ಗಾಬರಿಯಾಗಿ ಪಾಸ್‌ವರ್ಡ್ ಬದಲಿಸಲು ಹೋಗುತ್ತಾರೆ. ಪಾಸ್‌ವರ್ಡ್ ಸರಿಯೇ ಇರುತ್ತದೆ. ಸ್ವಲ್ಪ ಕಾಯಬೇಕು ಅಷ್ಟೇ.

ಭಾವ ಹೇಳಿದ 'ಲಾಕ್' ಪೂರ್ತಿ ಸುಳ್ಳಲ್ಲ. ಅವರು ಬಹುಶಃ ಬೇರೆ ಬಗೆಯ ಕನೆಕ್ಷನ್ ನೋಡಿದ್ದಾರೆ. ಪ್ರತಿಯೊಂದು ರೂಟರ್‌ಗೂ ಕಂಪ್ಯೂಟರ್‌ಗೂ ಮ್ಯಾಕ್ ಅಡ್ರೆಸ್ ಎಂಬ ಹುಟ್ಟು ಗುರುತು ಇರುತ್ತದೆ, 12 ಅಕ್ಷರ-ಅಂಕಿಗಳದ್ದು. ಲಾಗಿನ್ ಇಲ್ಲದ ಕೆಲವು ಕನೆಕ್ಷನ್‌ಗಳಲ್ಲಿ, ಟಿವಿ ಕೇಬಲ್‌ನಲ್ಲೇ ಇಂಟರ್ನೆಟ್ ಬರುವ ಮೋಡೆಮ್‌ಗಳಲ್ಲಂತೂ ಜಾಸ್ತಿ, ಮೊದಲು ಸಿಕ್ಕ ಸಾಧನದ ಗುರುತನ್ನೇ ಹಿಡಿದುಕೊಂಡು ಬೇರೆಯದಕ್ಕೆ ಉತ್ತರ ಕೊಡುವುದಿಲ್ಲ. ಮೋಡೆಮ್‌ನ ಕರೆಂಟ್ ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿದರೆ ಅದು ಹಳೆಯದನ್ನು ಮರೆಯುತ್ತದೆ. ಆಪರೇಟರ್ ಸರ್ವರ್‌ನಲ್ಲೇ ಮ್ಯಾಕ್ ಕಟ್ಟಿದ್ದರೆ ಮಾತ್ರ ಅವರಿಗೆ ಫೋನ್ ಮಾಡಿ ಬಿಡಿಸಬೇಕು. ಅದು ಬೀಗವಲ್ಲ, ಗುರುತಿನ ತಪ್ಪು. ಪೋರ್ಟ್ ಸವೆಯುವ ಭಯವೂ ಬೇಡ. ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್‌ಗಳನ್ನು ಸಾಮಾನ್ಯವಾಗಿ 750 ಸಲ ಹಾಕಿ ತೆಗೆದರೂ ತಾಳುವಂತೆ ಮಾಡಿರುತ್ತಾರೆ. ಅದಕ್ಕಿಂತ ಮೊದಲು ಕೇಬಲ್ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಮುರಿದರೆ ಹೊಸ ತಲೆ ಹಾಕಿಸಿಕೊಳ್ಳಿ, ಸಡಿಲ ಕೇಬಲ್ ಬಹಳ ಕಾಟ ಕೊಡುತ್ತದೆ.

ಈಗ ನಿಮ್ಮ ನಿಜವಾದ ಸಮಸ್ಯೆಗೆ ಬರೋಣ. ನಿಮಗೆ ಬೇಕಿರುವುದು ನೇರ ಸಂಪರ್ಕವಲ್ಲ, 150ರ ಸ್ಪೀಡು. ಅಲ್ವಾ?

92 ಎಂಬ ಅಂಕಿ ನೋಡಿದ ಕೂಡಲೇ ನನಗೆ ಅನುಮಾನ ಬಂತು. ಲ್ಯಾನ್ ಪೋರ್ಟ್‌ಗಳಲ್ಲಿ ಮನೆಬಳಕೆಗೆ ಸಿಗುವುದು ಮುಖ್ಯವಾಗಿ ಎರಡು ಬಗೆ: 100 ಎಂಬಿಪಿಎಸ್‌ನದು, ಗಿಗಾಬಿಟ್ ಅಂದರೆ 1000 ಎಂಬಿಪಿಎಸ್‌ನದು. 100ರ ಪೋರ್ಟ್‌ನಲ್ಲಿ ಅದರ ಸ್ವಂತ ಖರ್ಚು ಕಳೆದು ಕೈಗೆ ಸಿಗುವುದು 94ರ ಹತ್ತಿರ. ಯಾವ ಹೊತ್ತಿನಲ್ಲಿ ಟೆಸ್ಟ್ ಮಾಡಿದರೂ 92–93ಕ್ಕೇ ಬಂದು ನಿಲ್ಲುತ್ತಿದೆ ಎಂದರೆ, ದಾರಿಯಲ್ಲಿ ಎಲ್ಲೋ ಒಂದು ಕಡೆ 100ರ ಇಕ್ಕಟ್ಟು ಇದೆ. ಲೈನ್‌ನಲ್ಲಿ ಜನ ಜಾಸ್ತಿಯಾಗಿ ಸ್ಪೀಡ್ ಇಳಿದಿದ್ದರೆ ಬೆಳಿಗ್ಗೆ 140, ರಾತ್ರಿ 60 ಹೀಗೆ ಏರಿಳಿಯುತ್ತಿತ್ತು. ಹೀಗೆ ಗೆರೆ ಎಳೆದಂತೆ ನಿಲ್ಲುತ್ತಿರಲಿಲ್ಲ.

ಆ ಇಕ್ಕಟ್ಟು ಐದು ಕಡೆ ಇರಬಹುದು. ಓಎನ್‌ಟಿಯ ಪೋರ್ಟ್, ಹೊರಗೋಡೆಯ ಕೇಬಲ್, ರೂಟರ್, ಕೋಣೆಯೊಳಗಿನ ಕೇಬಲ್, ಕಂಪ್ಯೂಟರ್‌ನ ಪೋರ್ಟ್. ನನ್ನ ಮೊದಲ ಅನುಮಾನ ರೂಟರ್ ಮೇಲೆ, ಎರಡನೆಯದು ಹೊರಗೋಡೆಯ ಕೇಬಲ್ ಮೇಲೆ. ಕಡಿಮೆ ಬೆಲೆಯ, ಒಂದೇ ಬ್ಯಾಂಡಿನ (2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕೊಡುವ) ಎಷ್ಟೋ ರೂಟರ್‌ಗಳಲ್ಲಿ ಪೋರ್ಟ್‌ಗಳೆಲ್ಲ 100ರವೇ. ಪೆಟ್ಟಿಗೆ ಮೇಲೆ 300 ಎಂಬಿಪಿಎಸ್ ಎಂದು ದೊಡ್ಡದಾಗಿ ಬರೆದಿರುತ್ತದೆ, ಅದು ವೈಫೈನ ಕಾಗದದ ಮೇಲಿನ ಲೆಕ್ಕ. ಮೊಬೈಲ್‌ನಲ್ಲಿ 35–40 ಬರುತ್ತಿರುವುದೂ ಇದಕ್ಕೆ ಹೊಂದುತ್ತದೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ, ಗೋಡೆ ದಾಟಿ, ನಿಜವಾಗಿ ಸಿಗುವುದು ಅಷ್ಟೇ. ಇನ್ನು ಕೇಬಲ್: ಅದರೊಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. 100ಕ್ಕೆ ಬೇಡದ ಆ ಇನ್ನೆರಡು ಜೋಡಿಯಲ್ಲಿ ಮಳೆ-ಬಿಸಿಲಿಗೆ ಒಂದು ತಂತಿ ಕಿಲುಬು ಹಿಡಿದರೆ, ಇಲಿ ಒಂದನ್ನು ಕಡಿದರೆ ಸಾಮಾನ್ಯವಾಗಿ ಇಂಟರ್ನೆಟ್ ನಿಲ್ಲುವುದಿಲ್ಲ. ಸುಮ್ನೆ 100ಕ್ಕೆ ಇಳಿದುಬಿಡುತ್ತದೆ. ಕಣ್ಣಿಗೆ ಎಲ್ಲ ಸರಿ ಇರುವಂತೆಯೇ ಕಾಣುತ್ತದೆ.

ಹಾಗಾಗಿ 'ರೂಟರ್ ಅರ್ಧ ಸ್ಪೀಡ್ ತಿನ್ನುತ್ತೆ' ಎನ್ನುವುದು ಸರಿಯಲ್ಲ. ಗಿಗಾಬಿಟ್ ಪೋರ್ಟಿನ ಇವತ್ತಿನ ಸಾಧಾರಣ ರೂಟರ್ 150ನ್ನು ತಂತಿಯಲ್ಲಿ ಪೂರ್ತಿ ದಾಟಿಸುತ್ತದೆ. ಹಳೆಯ ರೂಟರ್ ಆದರೆ ಅದರ ಪೋರ್ಟೇ ಮಿತಿ. ಇದನ್ನು ಒಂದಿಷ್ಟು ಮಟ್ಟಿಗೆ ಕೇಬಲ್ ಕೀಳದೆಯೇ ನೋಡಬಹುದು. ವಿಂಡೋಸ್‌ನಲ್ಲಿ ಸೆಟಿಂಗ್ಸ್, ನೆಟ್‌ವರ್ಕ್, ಈಥರ್‌ನೆಟ್ ಎಂದು ಹೋದರೆ ಲಿಂಕ್ ಸ್ಪೀಡ್, ಅಂದರೆ ಆ ಕೇಬಲ್ ಎಷ್ಟರ ವೇಗದಲ್ಲಿ ಕೂಡಿಕೊಂಡಿದೆ ಎಂಬುದು ಕಾಣುತ್ತದೆ. ಅಲ್ಲಿ 100 ಎಂದಿದ್ದರೆ ರೂಟರ್ ಮತ್ತು ಕಂಪ್ಯೂಟರ್ ನಡುವೆಯೇ ಇಕ್ಕಟ್ಟು. 1000 ಎಂದಿದ್ದರೆ ರೂಟರ್‌ನಿಂದ ಆಚೆ, ಗೋಡೆಯ ಕಡೆ ಹುಡುಕಬೇಕು. ಆಗ ನೇರ ಹಾಕಿ ನೋಡುವ ಪರೀಕ್ಷೆಗೆ ಅರ್ಥ ಬರುತ್ತದೆ. ಅದೇ ಹೊರಗೋಡೆಯ ಕೇಬಲನ್ನು ಕಂಪ್ಯೂಟರ್‌ಗೆ ಹಾಕಿದಾಗಲೂ 100 ಎಂದೇ ತೋರಿಸಿದರೆ ತಪ್ಪು ಕೇಬಲ್‌ನದು ಅಥವಾ ಓಎನ್‌ಟಿಯದು, ರೂಟರ್ ನಿರಪರಾಧಿ. ಲಿಂಕ್ ಸ್ಪೀಡ್ ನೋಡಲು ಲಾಗಿನ್ ಕೂಡ ಬೇಡ.

ಹ್ಯಾಕರ್ ವಿಷಯ. ಪಕ್ಕದ ಮನೆಯವರ ಮಾತಿಗೆ ಒಂದು ಕಾಲದಲ್ಲಿ ಗಟ್ಟಿ ಆಧಾರ ಇತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್, 2004ರಲ್ಲಿ ಸಾಸರ್ ಎಂಬ ವೈರಸ್ ಬಗೆಯ ಹುಳುಗಳು ಬಂದವು. ನೀವು ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ನೇರವಾಗಿ ಇಂಟರ್ನೆಟ್‌ಗೆ ತಾಗಿದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ಗೆ ತಾವಾಗಿಯೇ ಸೇರುತ್ತಿದ್ದವು. ನಮ್ಮ ಕಡೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ 60 ಸೆಕೆಂಡು ಎಣಿಸಿ ತಾನಾಗಿಯೇ ಆಫ್ ಆಗುವ ಕಂಪ್ಯೂಟರ್‌ಗಳನ್ನು ನಾನೇ ಎಷ್ಟೋ ಸರಿ ಮಾಡಿದ್ದೇನೆ. ಆಮೇಲೆ 2004ರ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಎಂಬ ದೊಡ್ಡ ಅಪ್‌ಡೇಟ್‌ನಿಂದ ಫೈರ್‌ವಾಲ್, ಅಂದರೆ ಕರೆಯದೆ ಬರುವವರನ್ನು ತಡೆಯುವ ಕಾವಲು, ಮೊದಲೇ ಆನ್ ಆಗಿ ಬರತೊಡಗಿತು. ಇವತ್ತು ಅಪ್‌ಡೇಟ್ ಆಗಿರುವ, ಫೈರ್‌ವಾಲ್ ಆನ್ ಇರುವ ಕಂಪ್ಯೂಟರನ್ನು ಹತ್ತು ನಿಮಿಷ ನೇರ ಹಾಕಿದರೆ ಯಾರೂ ನುಗ್ಗುವುದಿಲ್ಲ.

ಆದರೆ ರೂಟರ್ ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು. ಮಲೆನಾಡಿನ ಮನೆಯ ಜಗಲಿ ಇದ್ದಂತೆ ಅದು. ಹೊರಗಿನಿಂದ ಬಂದವರು ಜಗಲಿಯಲ್ಲೇ ನಿಲ್ಲುತ್ತಾರೆ, ಒಳಗಿನಿಂದ ಕರೆದರೆ ಮಾತ್ರ ಒಳಮನೆ. ನಿಮ್ಮ ಕಂಪ್ಯೂಟರ್ ಕೇಳಿದ ಪುಟ, ವಿಡಿಯೋ ಮಾತ್ರ ಒಳಗೆ ಬರುತ್ತದೆ. ಯಾರೂ ಕರೆಯದೆ ಬಾಗಿಲು ತಟ್ಟುವವರಿಗೆ ರೂಟರ್ ಉತ್ತರವನ್ನೇ ಕೊಡುವುದಿಲ್ಲ. ನೇರ ಹಾಕಿದಾಗ ಜಗಲಿ ಇಲ್ಲ, ಬೀದಿಯಿಂದ ಸೀದಾ ಅಡುಗೆಮನೆ. ಆಗ ಇರುವ ಒಂದೇ ಕಾವಲು ವಿಂಡೋಸ್‌ನ ಫೈರ್‌ವಾಲ್. ಅದನ್ನು ಯಾವುದೋ ಪ್ರಿಂಟರ್ ಹಾಕುವಾಗಲೋ ಗೇಮ್ ಹಾಕುವಾಗಲೋ ಆಫ್ ಮಾಡಿಟ್ಟವರು ಬಹಳ ಜನ ಇದ್ದಾರೆ. ಕೆಲವು ಆಪರೇಟರ್‌ಗಳು ಹಲವು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಇಟ್ಟಿರುತ್ತಾರೆ. ನಿಮಗೆ ಸಿಗುವ ಐಪಿ 100.64ರಿಂದ 100.127ರ ಒಳಗೆ ಶುರುವಾದರೆ ಅದೇ ವ್ಯವಸ್ಥೆ. ಆಗ ದೂರದವರಿಗೆ ನಿಮ್ಮ ಕಂಪ್ಯೂಟರ್ ಸಿಗುವುದು ಕಷ್ಟ. ಆದರೆ ಅದೇ ಆಪರೇಟರ್ ಜಾಲದಲ್ಲಿರುವ ಇನ್ನೊಂದು ಮನೆಯ ಸೋಂಕು ತಗುಲಿದ ಕಂಪ್ಯೂಟರ್‌ಗೆ ಸಿಗಬಹುದು. ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಕೊಟ್ಟಿದ್ದರೆ ಆ ಮರೆಯೂ ಇರುವುದಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಕಾಳಜಿ ಇರುವುದು ವಿಂಡೋಸ್ 10ರ ಬಗ್ಗೆ. ಅದಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಅಪ್‌ಡೇಟ್ ಯೋಜನೆಗೆ ನೀವು ಸೇರಿಕೊಂಡಿಲ್ಲದಿದ್ದರೆ ಹೊಸದಾಗಿ ಸಿಕ್ಕುವ ಬಿರುಕುಗಳು ಹಾಗೆಯೇ ಉಳಿಯುತ್ತವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಜಡಿಯಿತಲ್ಲ, ಅದು ಬಳಸಿದ ಬಿರುಕಿಗೆ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು. ಅಪ್‌ಡೇಟ್ ಹಾಕದವರೇ ಸಿಕ್ಕಿಬಿದ್ದರು. ಆಫೀಸಿನ ಕೆಲಸ ಇರುವ ಇಂಥ ಕಂಪ್ಯೂಟರನ್ನು ದಿನವಿಡೀ ನೇರ ಹಾಕಿಡುವುದು ಬೇಡವೇ ಬೇಡ.

ಇಷ್ಟಾದರೂ, ಸಾಗರದಂಥ ಊರಿನಲ್ಲಿ ಕೂತು ನೀವು ನನ್ನನ್ನು 'ಯಾವುದಕ್ಕೆ ಜಾಸ್ತಿ ಹೆದರಬೇಕು' ಎಂದು ಕೇಳಿದರೆ ಹ್ಯಾಕರ್ ಎನ್ನುವುದಿಲ್ಲ, ಸಿಡಿಲು ಎನ್ನುತ್ತೇನೆ. ಇದನ್ನು ನಿಮಗೆ ಯಾರೂ ಹೇಳಿಲ್ಲ.

ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ಜನ ನೆಮ್ಮದಿಯಾಗಿರುತ್ತಾರೆ. ಗಾಜಿನ ಮಟ್ಟಿಗೆ ಅದು ನಿಜ. ಆದರೆ ಓಎನ್‌ಟಿಯಿಂದ ಈಚೆಗೆ ನಿಮ್ಮ ಹೊರಗೋಡೆಯ ಮೇಲೆ ಹಾದುಬಂದಿರುವುದು ತಾಮ್ರ. ಹತ್ತಿರದ ಅಡಿಕೆ ತೋಟಕ್ಕೆ ಸಿಡಿಲು ಬಿದ್ದರೂ ಸಾಕು, ಅಷ್ಟುದ್ದದ ತಾಮ್ರದಲ್ಲಿ ಕ್ಷಣಮಾತ್ರ ದೊಡ್ಡ ವೋಲ್ಟೇಜ್ ಹುಟ್ಟುತ್ತದೆ. ಓಎನ್‌ಟಿಯ ಕರೆಂಟ್ ಅಡಾಪ್ಟರ್ ಮೂಲಕವೂ ಅದು ಈ ಕೇಬಲ್‌ಗೆ ದಾಟಬಹುದು. ಕೇಬಲ್‌ನ ಇನ್ನೊಂದು ತುದಿಯಲ್ಲಿ ಏನಿದೆಯೋ ಅದಕ್ಕೆ ಪೆಟ್ಟು. ಪ್ರತಿ ವರ್ಷ ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ ನಮ್ಮ ಅಂಗಡಿಯ ಮೇಜಿನ ಮೇಲೆ ಸುಟ್ಟ ರೂಟರ್‌ಗಳ ಸಾಲೇ ಇರುತ್ತದೆ. ಉಳಿದ ಪೋರ್ಟ್ ಚೆನ್ನಾಗಿರುತ್ತವೆ, ಹೊರಗಿನ ಕೇಬಲ್ ಬರುವ ಒಂದು ಪೋರ್ಟ್ ಮಾತ್ರ ಸತ್ತಿರುತ್ತದೆ. ಅಂಥವರಲ್ಲಿ ಹೆಚ್ಚಿನವರ ಕಂಪ್ಯೂಟರ್ ಉಳಿದಿರುತ್ತದೆ. ರೂಟರ್ ತಾನು ಸತ್ತು ಅದನ್ನು ಉಳಿಸಿರುತ್ತದೆ.

ನೇರ ಹಾಕಿಟ್ಟವರ ಕಥೆ ಬೇರೆ. ಒಬ್ಬ ಮೇಷ್ಟ್ರು ರೂಟರ್ ಕೆಟ್ಟಿದ್ದರಿಂದ ಹೊಸದು ತರುವ ತನಕ ಎಂದು ನೇರ ಹಾಕಿಕೊಂಡಿದ್ದರು. ಒಂದು ಸಂಜೆಯ ಗುಡುಗಿನಲ್ಲಿ ಮದರ್‌ಬೋರ್ಡೇ ಹೋಯಿತು. ಹಾರ್ಡ್‌ಡಿಸ್ಕ್ ಉಳಿದಿತ್ತು, ಮಕ್ಕಳ ಅಂಕಪಟ್ಟಿ ಕೆಲಸವೆಲ್ಲ ಸಿಕ್ಕಿತು. ಆ ಡಿಸ್ಕ್ ತೆರೆದುಕೊಳ್ಳುವವರೆಗೆ ಅವರು ನಮ್ಮ ಅಂಗಡಿಯ ಸ್ಟೂಲ್ ಮೇಲೆ ಕೂತ ರೀತಿ ನನಗೆ ಇನ್ನೂ ನೆನಪಿದೆ. ದಯವಿಟ್ಟು ಏಪ್ರಿಲ್‌ನಿಂದ ಜೂನ್‌ವರೆಗೆ ನೇರ ಹಾಕುವ ಪ್ರಯೋಗ ಮಾಡುವುದಾದರೆ ಆಕಾಶ ತಿಳಿಯಾಗಿರುವ ಬೆಳಿಗ್ಗೆ ಮಾಡಿ. ಮೋಡ ಕಟ್ಟುವಾಗಲೇ ಹೊರಗಿನ ಕೇಬಲ್, ಅಡಾಪ್ಟರ್ ಎರಡನ್ನೂ ಕಳಚಿಡಿ. ಗುಡುಗು ತಲೆ ಮೇಲೆ ಬಂದ ಮೇಲೆ ಕಳಚಲು ಹೋಗಬೇಡಿ, ಆಗ ಆ ತಂತಿ ಮುಟ್ಟುವುದು ನಿಮಗೇ ಅಪಾಯ.

ಪರೀಕ್ಷೆ ಮಾಡಲೇಬೇಕು ಎಂದರೆ ಹೀಗೆ ಮಾಡಿ. ಮೊದಲು ಆಪರೇಟರ್‌ಗೆ ಫೋನ್ ಮಾಡಿ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಕಂಪ್ಯೂಟರ್‌ನ ಫೈರ್‌ವಾಲ್ ಆನ್ ಇದೆಯೇ ನೋಡಿ. ಆಮೇಲೆ ಬ್ರೌಸರ್‌ನಲ್ಲಿ ರೂಟರ್‌ನ ಸೆಟಿಂಗ್ಸ್ ಪುಟ ತೆರೆದು ಅಲ್ಲಿ ಡಿಸ್ಕನೆಕ್ಟ್ ಒತ್ತಿ, ನಂತರ ರೂಟರ್ ಆಫ್ ಮಾಡಿ. ಆ ಅರ್ಧ ಗಂಟೆಯ ಕಾಟ ತಪ್ಪಿಸುವುದು ಈ ಒಂದು ಒತ್ತು. ಕೇಬಲನ್ನು ಕಂಪ್ಯೂಟರ್‌ಗೆ ಹಾಕಿ, ವಿಂಡೋಸ್‌ನ ನೆಟ್‌ವರ್ಕ್ ಸೆಟಿಂಗ್ಸ್‌ನಲ್ಲಿ ಡಯಲ್-ಅಪ್ ಎಂಬಲ್ಲಿ ಹೊಸ ಬ್ರಾಡ್‌ಬ್ಯಾಂಡ್ ಕನೆಕ್ಷನ್ ಮಾಡಿ ಲಾಗಿನ್ ಆಗಿ. ಯಾವ ಬಗೆಯ ನೆಟ್‌ವರ್ಕ್ ಎಂದು ಕೇಳಿದರೆ ಪಬ್ಲಿಕ್ ಎಂದೇ ಆರಿಸಿ, ಆಗ ಫೈಲ್ ಹಂಚಿಕೆ ಮುಚ್ಚಿರುತ್ತದೆ. ಸ್ಪೀಡ್ ನೋಡಿ, ಬರೆದುಕೊಳ್ಳಿ, ಕಂಪ್ಯೂಟರ್‌ನಲ್ಲೂ ಡಿಸ್ಕನೆಕ್ಟ್ ಒತ್ತಿಯೇ ಕೇಬಲ್ ತೆಗೆಯಿರಿ. ಅಟ್ಟದ ಪೆಟ್ಟಿಗೆಯ ತೆಳು ಫೈಬರ್ ಎಳೆಯನ್ನು ಮಾತ್ರ ಮುಟ್ಟಬೇಡಿ, ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ.

ವಾಪಸ್ ಹಾಕುವಾಗ ಇನ್ನೊಂದು ಎಚ್ಚರಿಕೆ. ಕೇಬಲ್ ರೂಟರ್‌ನ ವ್ಯಾನ್ ಪೋರ್ಟ್‌ಗೇ, ಅಂದರೆ ಹೊರಗಿನ ಇಂಟರ್ನೆಟ್ ಬರುವ ಪೋರ್ಟ್‌ಗೇ ಹೋಗಬೇಕು. ಸಾಮಾನ್ಯವಾಗಿ ಅದರ ಬಣ್ಣ ಬೇರೆ ಇರುತ್ತದೆ ಅಥವಾ ಸ್ವಲ್ಪ ದೂರ ಇರುತ್ತದೆ. ನಾನು ಕಂಬ ಹತ್ತುತ್ತಿದ್ದ ದಿನಗಳಲ್ಲಿ ಒಂದು ಬೀದಿಯಲ್ಲಿ ಮಧ್ಯಾಹ್ನವಿಡೀ ಯಾರಿಗೂ ಇಂಟರ್ನೆಟ್ ಇರಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ನೋಡಿದರೆ, ಒಂದು ಮನೆಯವರು ಕೇಬಲನ್ನು ತಪ್ಪಿ ಲ್ಯಾನ್ ಪೋರ್ಟ್‌ಗೆ ಹಾಕಿದ್ದರು. ಅವರ ರೂಟರ್ ಮನೆಯೊಳಗೆ ಹಂಚಬೇಕಾದ ವಿಳಾಸಗಳನ್ನು ಇಡೀ ಬೀದಿಗೆ ಹಂಚುತ್ತಿತ್ತು. ಈಗ ಸರಿಯಾಗಿ ಕಟ್ಟಿದ ಜಾಲಗಳಲ್ಲಿ ಇದಕ್ಕೆ ತಡೆ ಇರುತ್ತದೆ, ಎಲ್ಲ ಕಡೆ ಇರುವುದಿಲ್ಲ.

ಇದೇ ಪ್ರಶ್ನೆ ಇರುವ ಬೇರೆ ಓದುಗರಿಗೆ ಒಂದು ಮಾತು. ನಿಮ್ಮ ಮನೆಯ ಮೋಡೆಮ್ ಪೆಟ್ಟಿಗೆಯೇ ವೈಫೈ ಕೊಡುತ್ತಿದ್ದರೆ ಅದರೊಳಗೇ ರೂಟರ್ ಇದೆ. ಅದಕ್ಕೆ ಕೇಬಲ್ ಹಾಕಿದರೆ ನೇರ ಹಾಕಿದಂತೆ ಆಗುವುದಿಲ್ಲ, ಲಾಗಿನ್ ಗೊಡವೆಯೂ ಇಲ್ಲ. ಧೈರ್ಯವಾಗಿ ಹಾಕಿ.

ನಿಮ್ಮ ಮನೆಯಲ್ಲಿ ನಾನಿದ್ದರೆ ನೇರ ಸಂಪರ್ಕದ ಆಸೆ ಬಿಟ್ಟು, ಮೊದಲು ರೂಟರ್‌ನ ಹಿಂಬದಿಯ ಮಾದರಿ ಸಂಖ್ಯೆ ನೋಡಿ ಪೋರ್ಟ್ ಗಿಗಾಬಿಟ್ ಹೌದೋ ಅಲ್ಲವೋ ತಿಳಿದುಕೊಳ್ಳುತ್ತಿದ್ದೆ. ಅಲ್ಲವಾದರೆ ಗಿಗಾಬಿಟ್ ಪೋರ್ಟಿನ, ಎರಡು ಬ್ಯಾಂಡಿನ ರೂಟರ್ ತರುತ್ತಿದ್ದೆ. ಅದರಿಂದ ಮೊಬೈಲ್ ವೈಫೈಯೂ ಸುಧಾರಿಸುತ್ತದೆ. ಹೌದಾದರೆ ಹೊರಗೋಡೆಯ ಕೇಬಲ್ ಬದಲಿಸುತ್ತಿದ್ದೆ. ಕ್ಯಾಟ್ 6 ಎಂಬ ದರ್ಜೆಯ ಕೇಬಲ್, ಹೊರಾಂಗಣಕ್ಕೆಂದೇ ಮಾಡಿದ್ದು, ಸಾಧ್ಯವಾದರೆ ಮನೆಯ ಒಳಗಿನಿಂದಲೇ ಎಳೆಸಿ. ಇನ್ನೂ ಚೆಂದದ ದಾರಿ ಎಂದರೆ ಓಎನ್‌ಟಿಯನ್ನೇ ಅಟ್ಟದಿಂದ ಇಳಿಸಿ ರೂಟರ್ ಪಕ್ಕಕ್ಕೆ ತರಲು ಆಪರೇಟರ್‌ಗೆ ಹೇಳುವುದು. ಆಗ ಗೋಡೆಯ ಮೇಲೆ ಬರುವುದು ಗಾಜಿನ ಎಳೆ ಮಾತ್ರ, ತಾಮ್ರ ಒಂದು ಮಾರೂ ಇರುವುದಿಲ್ಲ. ಫೈಬರ್ ಎಳೆಗೆ ಬಲಕ್ಕೆಂದು ಉಕ್ಕಿನ ತಂತಿ ಇದ್ದರೆ ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಅವರಿಗೆ ನೆನಪಿಸಿ. ಇಷ್ಟಾದ ಮೇಲೂ, ಕಂಪ್ಯೂಟರ್‌ನ ಲಿಂಕ್ ಸ್ಪೀಡ್ 1000 ಎಂದಿದ್ದರೂ, 92ಕ್ಕೇ ನಿಂತರೆ ಓಎನ್‌ಟಿಯ ಪೋರ್ಟ್ 100ರದ್ದಿರಬೇಕು. ಅದನ್ನು ಬದಲಿಸಿಕೊಡಬೇಕಾದವರು ಆಪರೇಟರ್. ನೇರ ಹಾಕಿ ಬರೆದುಕೊಂಡ ಅಂಕಿಯನ್ನು ಆಗ ಅವರ ಮುಂದಿಡಿ.